ಅಮೆರಿಕದ ಜೈಲುಗಳು, ಅಲ್ಲಿಗೆ ಹೋಗುವ ಸಿಸ್ಟರ್‌ಗಳು, ಅಮ್ಮಂದಿರು: ಸ್ವಲ್ಪ ಮಾತಾಡೋಣ್ವಾ?

ಕ್ವೀನ್ಸ್ ಕನ್ನಡತಿ:

ಎಲ್ಲರಿಗೂ ನಮಸ್ಕಾರ. ನಾನಿರುವುದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ. ಇಲ್ಲಿ ಹಳೇ ಬಟ್ಟೆ ಮಾರುವ ಒಂದು ಅಂಗಡಿ ಇದೆ. ಮಕ್ಕಳಿಗೆ ಚಿಕ್ಕದಾದ ಕೋಟುಗಳನ್ನು ಅಲ್ಲಿ ಕೊಟ್ಟು ಬರುತ್ತೇನೆ. ಕೌಂಟರಿನಲ್ಲಿರುವ ಹೆಂಗಸು ಪ್ರತಿ ಕೋಟಿನ ಜಿಪ್ಪನ್ನೂ ಮೇಲೆ ಕೆಳಗೆ ಎಳೆದು ನೋಡುತ್ತಾರೆ. ಜೇಬಿಗೆ ಕೈ ಹಾಕಿ ಒಳಗಿದ್ದ ಕಾಗದದ ಚೂರು ತೆಗೆಯುತ್ತಾರೆ. ಆಮೇಲೇ ಹ್ಯಾಂಗರಿಗೆ ಹಾಕುವುದು. "ಇದನ್ನ ಯಾವುದೋ ಮಗು ಹಾಕ್ಕೊಳ್ಳುತ್ತೆ, ಸರಿಯಾಗಿರಬೇಕು" ಅಂದರು ಒಮ್ಮೆ. ಅವರು ಜೈಲಿನಿಂದ ಬಂದವರು. ಅವರು ಒಳಗಿದ್ದಾಗ ಅವರ ಮಗುವನ್ನು ಬೇರೆಯವರು ಸಾಕಿದ್ದರು.

ಅಂಗಡಿ ನಡೆಸುವುದು ಅವರ್ ಚಿಲ್ಡ್ರನ್ ಎಂಬ ಸಂಸ್ಥೆ. ಇದರ ಬೇರು 1980ರ ದಶಕದಲ್ಲಿದೆ. ಸೇಂಟ್ ಜೋಸೆಫ್ ಎಂಬ ಕ್ಯಾಥೊಲಿಕ್ ಸನ್ಯಾಸಿನಿಯರ ಸಭೆಯ ಸಿಸ್ಟರ್ ಟೆಸಾ ಫಿಟ್ಜ್‌ಜೆರಾಲ್ಡ್ ಮತ್ತು ಜೊತೆಯ ಸಿಸ್ಟರ್‌ಗಳು ಬೆಡ್‌ಫರ್ಡ್ ಹಿಲ್ಸ್ ಹೆಂಗಸರ ಜೈಲಿನಲ್ಲಿದ್ದ ತಾಯಂದಿರ ಮಕ್ಕಳನ್ನು ತಮ್ಮ ಕಾನ್ವೆಂಟಿನಲ್ಲೇ ಇಟ್ಟುಕೊಂಡು ಬೆಳೆಸಿದರು. ಊಟ, ಸ್ಕೂಲು, ಹೋಂವರ್ಕು, ಜ್ವರ ಬಂದರೆ ಡಾಕ್ಟರು. ಜೊತೆಗೆ ಅಮ್ಮನನ್ನು ನೋಡಲು ಜೈಲಿಗೆ ಕರೆದುಕೊಂಡು ಹೋಗುವುದು. ಆಮೇಲೆ ತಾಯಂದಿರು ಒಬ್ಬೊಬ್ಬರಾಗಿ ಹೊರಗೆ ಬಂದರು. ಜೈಲಿನಿಂದ ಬಂದವಳಿಗೆ ಮನೆ ಬಾಡಿಗೆಗೆ ಯಾರು ಕೊಡುತ್ತಾರೆ? ಕೆಲಸ ಯಾರು ಕೊಡುತ್ತಾರೆ? ಹಾಗಾಗಿ ಮನೆಗಳಾದವು, ಡೇ ಕೇರ್ ಆಯಿತು, ಅಂಗಡಿಗಳಾದವು.

ಇದನ್ನು ಇಲ್ಲಿ ಬರೆಯಲು ಕಾರಣ ಇದೆ. 1970ರ ದಶಕದ ಶುರುವಿನಲ್ಲಿ ಅಮೆರಿಕದ ರಾಜ್ಯ ಮತ್ತು ಕೇಂದ್ರ ಸರ್ಕಾರದ ಜೈಲುಗಳಲ್ಲಿದ್ದವರು ಸುಮಾರು 2 ಲಕ್ಷ. ಈಗ ಊರಿನ ಲಾಕಪ್ಪು, ಕೌಂಟಿ ಜೈಲು ಎಲ್ಲಾ ಸೇರಿ ಸುಮಾರು 19 ಲಕ್ಷ. 1980ರಲ್ಲಿ ಒಳಗಿದ್ದ ಹೆಂಗಸರು ಸುಮಾರು 26 ಸಾವಿರ, 2022ರ ಹೊತ್ತಿಗೆ 1 ಲಕ್ಷ 80 ಸಾವಿರ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಚಿಕ್ಕ ಮಕ್ಕಳ ತಾಯಂದಿರು.

ಇಷ್ಟು ದೊಡ್ಡ ಸಂಖ್ಯೆಯ ಮುಂದೆ ದೇವರನ್ನು ನಂಬುವ ಹೆಂಗಸರು ಏನು ಮಾಡಿದರು ಅಂತ ನೋಡುತ್ತಾ ಹೋದಾಗ ನನಗೆ ಒಂದು ವಿಷಯ ಎದ್ದು ಕಂಡಿತು. ಇವರು ಬಿಟ್ಟು ಹೋಗುವುದಿಲ್ಲ. ತೀರ್ಪು ಬಂದ ಮೇಲೆ ವಕೀಲರು ಮುಂದಿನ ಕೇಸಿಗೆ ಹೋಗುತ್ತಾರೆ. ಪೇಪರಿನವರೂ ಹೋಗುತ್ತಾರೆ. ಎಷ್ಟೋ ಸಲ ಮನೆಯವರೇ ಹೋಗುತ್ತಾರೆ. ಇವರು ಉಳಿಯುತ್ತಾರೆ. ಹಾಗೆ ಉಳಿದವರಿಗೇ ಕಾನೂನು ಎಲ್ಲಿ ತಪ್ಪಿದೆ ಅಂತ ಸರಿಯಾಗಿ ಗೊತ್ತಾಗುವುದು. ನಿಮಗೇನನ್ನಿಸುತ್ತೆ? ನಮ್ಮ ಕಡೆ ಇಂಥವರನ್ನು ನೋಡಿದ್ದೀರಾ?

ಶಿವಮೊಗ್ಗ ಮೇಷ್ಟ್ರು:

ಚೆನ್ನಾಗಿ ಬರೆದಿದ್ದೀರಮ್ಮ. ಆದರೆ ಮನಸ್ಸಿಗೆ ಬಂದದ್ದನ್ನು ಹೇಳಿಬಿಡುತ್ತೇನೆ. ಜೈಲಿನಲ್ಲಿರುವವರ ಬಗ್ಗೆ ಇಷ್ಟು ಕರುಣೆ ಸರಿ, ಅವರಿಂದ ಹಾಳಾದವರ ಮನೆಗೆ ಯಾರು ಹೋಗುತ್ತಾರೆ? ನನ್ನ ಹಳೇ ವಿದ್ಯಾರ್ಥಿಯೊಬ್ಬನನ್ನು ಕೊಲೆ ಮಾಡಿದರು. ಅವನ ತಾಯಿಯ ಹತ್ತಿರ ಎರಡನೇ ವರ್ಷಕ್ಕೆ ಯಾರೂ ಸುಳಿಯಲಿಲ್ಲ. ಮಠದವರೂ ಇಲ್ಲ, ಸಂಘದವರೂ ಇಲ್ಲ. ಇನ್ನೊಂದು ಪ್ರಶ್ನೆ. ಅಮೆರಿಕದಲ್ಲಿ ಕಳ್ಳತನ, ಕೊಲೆ ಹತ್ತು ಪಟ್ಟು ಜಾಸ್ತಿ ಆಯಿತಾ, ಕೈದಿಗಳು ಇಷ್ಟು ಜಾಸ್ತಿ ಆಗಲಿಕ್ಕೆ?

ಕ್ವೀನ್ಸ್ ಕನ್ನಡತಿ:

ಮೇಷ್ಟ್ರೇ, ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಅಪರಾಧ ಹತ್ತು ಪಟ್ಟು ಆಗಲಿಲ್ಲ. ಬದಲಾದದ್ದು ಕಾನೂನು. 1971ರಲ್ಲಿ ಅಧ್ಯಕ್ಷ ನಿಕ್ಸನ್ ಮಾದಕ ವಸ್ತುಗಳ ಮೇಲೆ ಸಮರ ಸಾರಿದರು. 1973ರಲ್ಲಿ ನ್ಯೂಯಾರ್ಕ್ ರಾಜ್ಯ ಡ್ರಗ್ಸ್ ಕೇಸುಗಳಿಗೆ ಭಾರೀ ಕನಿಷ್ಠ ಶಿಕ್ಷೆ ತಂದಿತು. 1986ರ ಕೇಂದ್ರ ಕಾನೂನು ನೋಡಿ. 5 ಗ್ರಾಂ ಕ್ರ್ಯಾಕ್ (ಕೊಕೇನಿನ ಹರಳು ರೂಪ) ಸಿಕ್ಕರೆ ಕನಿಷ್ಠ 5 ವರ್ಷ. ಅದೇ 5 ವರ್ಷ ಆಗಬೇಕಾದರೆ ಕೊಕೇನ್ ಪುಡಿ 500 ಗ್ರಾಂ ಇರಬೇಕು. ವಸ್ತು ಒಂದೇ. ಕ್ರ್ಯಾಕ್ ಕೇಸುಗಳಲ್ಲಿ ಒಳಗೆ ಹೋದವರಲ್ಲಿ ಹೆಚ್ಚಿನವರು ಬಡ ಕಪ್ಪು ಜನ. ಈ ನೂರು ಪಟ್ಟು ವ್ಯತ್ಯಾಸ 18 ಪಟ್ಟಿಗೆ ಇಳಿಯಲು 2010 ಬರಬೇಕಾಯಿತು. ಜನಸಂಖ್ಯೆಗೆ ಹೋಲಿಸಿ ನೋಡಿದರೆ, ಇವತ್ತಿಗೂ ಕಪ್ಪು ಜನ ರಾಜ್ಯಗಳ ಜೈಲು ಸೇರುವ ಪ್ರಮಾಣ ಬಿಳಿಯರ ಸುಮಾರು ಐದು ಪಟ್ಟು. ಮೆಥಡಿಸ್ಟ್ ಚರ್ಚಿನ ಹೆಂಗಸರ ಸಂಘಟನೆ (ಈಗಿನ ಹೆಸರು ಯುನೈಟೆಡ್ ವಿಮೆನ್ ಇನ್ ಫೇತ್) ಇದನ್ನು ಸ್ಕೂಲಿನಿಂದಲೇ ಹಿಡಿಯಿತು. ತರಗತಿಯಲ್ಲಿ ಗಲಾಟೆ ಮಾಡಿದ ಕಪ್ಪು ಹುಡುಗನನ್ನು ಸಸ್ಪೆಂಡ್ ಮಾಡುವುದು, ಪೊಲೀಸರನ್ನು ಕರೆಸುವುದು ಇವೆಲ್ಲ ಜೈಲಿನ ಮೊದಲ ಮೆಟ್ಟಿಲು ಅಂತ ಅವರು ವರ್ಷಗಟ್ಟಲೆ ಹೋರಾಟ ಮಾಡುತ್ತಿದ್ದಾರೆ.

ಈಗ ಮೊದಲ ಪ್ರಶ್ನೆ. ಅದು ನಿಜವಾದ ಪ್ರಶ್ನೆ. ಸಿಸ್ಟರ್ ಹೆಲೆನ್ ಪ್ರೀಜನ್ ಅವರ ಕಥೆ ನೀವು ಕೇಳಬೇಕು. ನ್ಯೂ ಆರ್ಲಿಯನ್ಸ್‌ನ ಬಡವರ ವಸತಿಯಲ್ಲಿ ಕೆಲಸ ಮಾಡುತ್ತಿದ್ದವರು. 1982ರಲ್ಲಿ, ಮರಣದಂಡನೆಗೆ ಕಾಯುತ್ತಿದ್ದ ಒಬ್ಬನಿಗೆ ಕಾಗದ ಬರೆಯುತ್ತೀರಾ ಅಂತ ಯಾರೋ ಕೇಳಿದರು. ಹೂಂ ಅಂದರು. ಅವನು ಎಲ್ಮೋ ಪ್ಯಾಟ್ರಿಕ್ ಸೋನಿಯರ್, ಹದಿಹರೆಯದ ಹುಡುಗ ಹುಡುಗಿ ಇಬ್ಬರ ಕೊಲೆಯಲ್ಲಿ ಶಿಕ್ಷೆ ಆದವನು. ಇದ್ದದ್ದು ಲೂಸಿಯಾನದ ಅಂಗೋಲಾ ಜೈಲಿನಲ್ಲಿ. ಆ ಜಾಗ ಹಿಂದೆ ಗುಲಾಮರು ದುಡಿಯುತ್ತಿದ್ದ ತೋಟ, 18 ಸಾವಿರ ಎಕರೆ. ಈಗಲೂ ಅಲ್ಲಿ ಕೈದಿಗಳು ಗಂಟೆಗೆ ಕೆಲವೇ ಸೆಂಟಿಗೆ ಹೊಲದ ಕೆಲಸ ಮಾಡುತ್ತಾರೆ. ಕಾಗದದಿಂದ ಭೇಟಿ, ಭೇಟಿಯಿಂದ ಕೋರ್ಟು. 1984ರ ಏಪ್ರಿಲ್ 5ರಂದು ಅವನನ್ನು ವಿದ್ಯುತ್ ಕುರ್ಚಿಯಲ್ಲಿ ಕೊಂದಾಗ ಸಿಸ್ಟರ್ ಎದುರಿಗೇ ಇದ್ದರು. ಕೊನೇ ಗಳಿಗೆಯಲ್ಲಿ ನನ್ನ ಮುಖ ನೋಡು ಅಂದಿದ್ದರು ಅವನಿಗೆ.

ಆದರೆ ಮೇಷ್ಟ್ರೇ, ಆ ಎರಡು ವರ್ಷದಲ್ಲಿ ಅವರು ಸತ್ತ ಮಕ್ಕಳ ಮನೆಗೆ ಹೋಗಿರಲಿಲ್ಲ. ಅವರಿಗೆ ಹೇಗೆ ಮುಖ ತೋರಿಸುವುದು ಅಂತ ಹೆದರಿದ್ದರು. ಕ್ಷಮಾದಾನದ ವಿಚಾರಣೆಯ ದಿನ ಸತ್ತ ಹುಡುಗನ ತಂದೆಯೇ ಬಂದು ಮಾತಾಡಿಸಿದರು. ಇಷ್ಟು ದಿನ ನಮ್ಮನ್ನು ಯಾಕೆ ನೋಡಲು ಬರಲಿಲ್ಲ ಅಂತ ಕೇಳಿದರು. ಆಮೇಲೆ ಇಬ್ಬರೂ ಚಾಪೆಲ್ಲಿನಲ್ಲಿ ಜೊತೆಗೆ ಕೂತು ಪ್ರಾರ್ಥನೆ ಮಾಡುವಷ್ಟು ಹತ್ತಿರವಾದರು. ಕೊಲೆಯಾದವರ ಮನೆಯವರಿಗಾಗಿ ಸಿಸ್ಟರ್ ಒಂದು ಸಂಘವನ್ನೂ ಕಟ್ಟಿದರು. ಅಲ್ಲಿಂದ ಮುಂದೆ ಅವರು ಎಲ್ಲೇ ಮಾತಾಡಿದರೂ ಎರಡೂ ಮನೆಯ ನೋವನ್ನು ಜೊತೆಗೇ ಹೇಳುತ್ತಾರೆ. 2018ರಲ್ಲಿ ಪೋಪ್ ಫ್ರಾನ್ಸಿಸ್ ಮರಣದಂಡನೆಯನ್ನು ಯಾವ ಕಾರಣಕ್ಕೂ ಒಪ್ಪಲಾಗದು ಅಂತ ಕ್ಯಾಥೊಲಿಕ್ ಧರ್ಮಬೋಧೆಯನ್ನೇ ತಿದ್ದಿದರಲ್ಲ, ಅದರ ಹಿಂದೆ ಇಂಥವರ ಹತ್ತಾರು ವರ್ಷಗಳ ಒತ್ತಾಯ ಇದೆ.

ಕರಾವಳಿ ಅಕ್ಕ:

ಈ ಚರ್ಚೆ ನೋಡಿ ಸುಮ್ನೆ ಇರಲಾಗಲಿಲ್ಲ. ನನ್ನ ಅಮ್ಮನ ತಂಗಿ ಸಿಸ್ಟರ್. ಒಂದು ಜಿಲ್ಲಾ ಜೈಲಿನ ಹೆಂಗಸರ ಬ್ಯಾರಕ್ಕಿಗೆ ಹೋಗುತ್ತಾರೆ. ಪ್ರಿಸನ್ ಮಿನಿಸ್ಟ್ರಿ ಇಂಡಿಯಾ ಅಂತ ಒಂದು ಸಂಘಟನೆ ಇದೆ, ಕೇರಳದಲ್ಲಿ 1981ರಲ್ಲಿ ಶುರುವಾದದ್ದು, ರಾಷ್ಟ್ರೀಯ ಕಚೇರಿ ನಮ್ಮ ಬೆಂಗಳೂರಿನಲ್ಲೇ. ಅದರಲ್ಲಿ ಬೇರೆ ಬೇರೆ ಸಭೆಗಳ ಸಿಸ್ಟರ್‌ಗಳು ತುಂಬಾ ಜನ ಇದ್ದಾರೆ.

ಚಿಕ್ಕಮ್ಮ ಒಳಗೆ ಬೈಬಲ್ ಓದಿಸುತ್ತಾರೆ ಅಂತ ಜನ ಅಂದುಕೊಳ್ಳುತ್ತಾರೆ. ಅವರ ಚೀಲದಲ್ಲಿ ಇರುವುದೇ ಬೇರೆ. ಪ್ಯಾಡು, ಸೋಪು, ತಲೆಗೆ ಹಾಕುವ ಎಣ್ಣೆ, ಓದುವ ಕನ್ನಡಕ. ಕನ್ನಡಕ ಯಾಕೆ ಅಂತ ನಾನು ಕೇಳಿದ್ದೆ. ವಯಸ್ಸಾದ ಒಬ್ಬ ಹೆಂಗಸಿಗೆ ತನ್ನ ಮೇಲೆ ಹಾಕಿದ ಚಾರ್ಜ್‌ಶೀಟಿನ ಪ್ರತಿ ಕೈಯಲ್ಲೇ ಇತ್ತಂತೆ. ಅಕ್ಷರ ಬರುತ್ತಿತ್ತು, ಆದರೆ ಕಣ್ಣು ಹಿಡಿಯುತ್ತಿರಲಿಲ್ಲ. ಅರೆಸ್ಟ್ ಆದ ದಿನ ಕನ್ನಡಕ ಮನೆಯಲ್ಲೇ ಉಳಿದಿತ್ತು. ತನ್ನ ಮೇಲಿನ ಆರೋಪ ಏನು ಅಂತ ಅವರು ಓದಿದ್ದು ಚಿಕ್ಕಮ್ಮ ಕನ್ನಡಕ ಕೊಟ್ಟ ಮೇಲೆ. ಅದರಲ್ಲಿ ಊರಿನ ಹೆಸರೇ ತಪ್ಪಾಗಿತ್ತು.

ಮೇಷ್ಟ್ರು ಕೇಳಿದ ಮಾತಿಗೆ ನಮ್ಮ ದೇಶದ್ದೇ ಒಂದು ಉತ್ತರ ಇದೆ. ಸಿಸ್ಟರ್ ರಾಣಿ ಮರಿಯಾ ಅಂತ, ಕೇರಳದವರು. ಮಧ್ಯಪ್ರದೇಶದಲ್ಲಿ ಬಡ ರೈತರು ಬಡ್ಡಿಗೆ ಸಾಲ ಕೊಡುವವರ ಹಿಡಿತದಿಂದ ಬಿಡಿಸಿಕೊಳ್ಳಲು ಸಹಾಯ ಮಾಡುತ್ತಿದ್ದರು. 1995ರ ಫೆಬ್ರವರಿ 25ರಂದು ಇಂದೋರಿಗೆ ಹೋಗುವ ಬಸ್ಸಿನಿಂದ ಎಳೆದು ಚಾಕುವಿನಿಂದ ಇರಿದು ಕೊಂದರು. ಕೊಂದವನು ಸಮಂದರ್ ಸಿಂಗ್. ಜೀವಾವಧಿ ಆಯಿತು. 2002ರಲ್ಲಿ ಸತ್ತವರ ಸ್ವಂತ ತಂಗಿ, ಅವರೂ ಸಿಸ್ಟರ್, ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಮನೆಯವರೇ ಅವನ ಬಿಡುಗಡೆ ಕೇಳಿದರು. 2006ರಲ್ಲಿ ಅವನು ಹೊರಗೆ ಬಂದ. ಆಮೇಲೆ ಕೇರಳಕ್ಕೆ, ಆ ತಾಯಿಯ ಮನೆಗೇ ಹೋದ. ಅದು ನನ್ನಿಂದ ಆಗುತ್ತಿತ್ತಾ ಗೊತ್ತಿಲ್ಲ. ಎಲ್ಲರೂ ಹಾಗೆ ಮಾಡಬೇಕು ಅಂತ ಹೇಳುವ ಹಕ್ಕೂ ನನಗಿಲ್ಲ. ಆದರೆ ಆಗಿದೆ.

ಧಾರವಾಡ ವಿದ್ಯಾರ್ಥಿ:

ಹಿರಿಯರ ನಡುವೆ ಮಾತಾಡುತ್ತಿದ್ದೇನೆ, ನಾನು ಇತಿಹಾಸ ಓದುವವನು. ಒಂದು ವಿಷಯ ಬಿಟ್ಟುಹೋಗಬಾರದು. ಈ ಜೈಲು ಅನ್ನುವ ವ್ಯವಸ್ಥೆ ಕಟ್ಟಿದವರಲ್ಲೂ ದೈವಭಕ್ತರೇ ಇದ್ದಾರೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರು 1790ರಲ್ಲಿ ವಾಲ್ನಟ್ ಸ್ಟ್ರೀಟ್ ಜೈಲಿನಲ್ಲಿ ಒಂಟಿ ಕೋಣೆಗಳನ್ನು ಮಾಡಿಸಲು ಒತ್ತಾಯಿಸಿದರು. 1829ರಲ್ಲಿ ಈಸ್ಟರ್ನ್ ಸ್ಟೇಟ್ ಪೆನಿಟೆನ್ಷಿಯರಿ ಎಂಬ ಜೈಲು ತೆರೆಯಿತು. ಒಬ್ಬನೇ ಕೂತರೆ ದೇವರ ಧ್ಯಾನ ಮಾಡುತ್ತಾನೆ, ಪಶ್ಚಾತ್ತಾಪ ಪಡುತ್ತಾನೆ ಅನ್ನುವುದು ಅವರ ನಂಬಿಕೆ. ಆದದ್ದು ಬೇರೆ. ಜನ ಮನಸ್ಸಿನ ಸ್ಥಿಮಿತ ಕಳೆದುಕೊಂಡರು. ಒಂಟಿ ಸೆರೆ ಈಗಲೂ ಅಮೆರಿಕದಲ್ಲಿದೆ.

ಐರ್ಲೆಂಡಿನಲ್ಲಿ ಮ್ಯಾಗ್ಡಲೀನ್ ಲಾಂಡ್ರಿಗಳು ಅಂತ ಇದ್ದವು. ನಡೆಸುತ್ತಿದ್ದವರು ಸಿಸ್ಟರ್‌ಗಳೇ. ಮದುವೆಗೆ ಮುಂಚೆ ಬಸುರಾದ ಹುಡುಗಿಯರು, ಮನೆಯವರಿಗೆ ಬೇಡವಾದವರು ಎಲ್ಲರನ್ನೂ ಒಳಗಿಟ್ಟು ಸಂಬಳ ಇಲ್ಲದೆ ಬಟ್ಟೆ ಒಗೆಸಿದರು. ಕೊನೆಯದು ಮುಚ್ಚಿದ್ದು 1996ರಲ್ಲಿ. ಅಲ್ಲಿನ ಪ್ರಧಾನಿ ಕ್ಷಮೆ ಕೇಳಿದ್ದು 2013ರಲ್ಲಿ. ಹಾಗಾಗಿ ಸಿಸ್ಟರ್ ಅಂದ ಕೂಡಲೇ ಒಳ್ಳೆಯದೇ ಅಂತ ಒಪ್ಪಿಕೊಳ್ಳುವುದು ನನಗೆ ಕಷ್ಟ.

ಕ್ವೀನ್ಸ್ ಕನ್ನಡತಿ:

ತಮ್ಮಾ, ನೀನು ಹೇಳಿದ್ದು ಇಲ್ಲಿ ಬರಲೇಬೇಕಿತ್ತು, ಬಂದದ್ದು ಒಳ್ಳೆಯದಾಯಿತು. ಆ ಲಾಂಡ್ರಿಗಳಲ್ಲಿ ಬದುಕು ಕಳೆದುಕೊಂಡ ಹೆಂಗಸರ ಮುಂದೆ ಯಾವ ಸಮರ್ಥನೆಯೂ ನಿಲ್ಲುವುದಿಲ್ಲ. ನಾನು ವ್ಯತ್ಯಾಸ ನೋಡುವುದು ಇಲ್ಲಿ: ಒಳಗಿರುವವಳನ್ನು ಕೇಳಿ ಮಾಡಿದರಾ, ಅಥವಾ ಅವಳಿಗೇನು ಬೇಕು ಅಂತ ತಾವೇ ತೀರ್ಮಾನಿಸಿದರಾ? ಕ್ವೇಕರ್ ಪಂಥದಲ್ಲೇ ಎಲಿಜಬೆತ್ ಫ್ರೈ ಇದ್ದರಲ್ಲ. 1813ರಲ್ಲಿ ಲಂಡನ್ನಿನ ನ್ಯೂಗೇಟ್ ಜೈಲಿನ ಹೆಂಗಸರ ವಿಭಾಗಕ್ಕೆ ಮೊದಲ ಸಲ ಹೋದವರು. ಹಾಸಿಗೆ ಇಲ್ಲ, ಮಕ್ಕಳಿಗೆ ಮೈಮೇಲೆ ಬಟ್ಟೆ ಇಲ್ಲ. ಆಮೇಲೆ ಅಲ್ಲಿ ಮಕ್ಕಳಿಗೆ ಶಾಲೆ, ಹೆಂಗಸರಿಗೆ ಹೊಲಿಗೆ ಶುರು ಮಾಡಿದರು. 1817ರಲ್ಲಿ ಸಂಘ ಕಟ್ಟಿದಾಗ ನಿಯಮಗಳನ್ನು ಒಂದೊಂದಾಗಿ ಕೈದಿ ಹೆಂಗಸರ ಮುಂದೆ ಓದಿ, ಅವರು ಕೈ ಎತ್ತಿ ಒಪ್ಪಿದ ಮೇಲೇ ಜಾರಿಗೆ ತಂದರು. ಮುಂದಿನ ವರ್ಷ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ಹೇಳಿದರು. ಒಂದೇ ಪಂಥ, ಒಂದೇ ಬೈಬಲ್. ಒಬ್ಬರು ಬಾಗಿಲು ಹಾಕಿ ಒಂಟಿ ಮಾಡಿದರು, ಇನ್ನೊಬ್ಬರು ಒಳಗೆ ಹೋಗಿ ಜೊತೆ ಕೂತರು.

ತುಮಕೂರು ಓದುಗ:

ಇಷ್ಟು ದಿನ ಈ ವೇದಿಕೆಯಲ್ಲಿ ಬರೀ ಕ್ರಿಕೆಟ್ ಚರ್ಚೆ ಓದುತ್ತಿದ್ದೆ. ಮುಂದುವರಿಸಿ, ಓದುತ್ತಿದ್ದೇನೆ.

ಬೀದರ್ ಅಮ್ಮಿ:

ಎಲ್ಲರಿಗೂ ಸಲಾಂ. ನೀವು ಚರ್ಚಿನ ಹೆಂಗಸರ ಬಗ್ಗೆ ಹೇಳುತ್ತಿದ್ದೀರಿ, ನಾನು ಒಂದು ಸೇರಿಸುತ್ತೇನೆ. ಶಿಕಾಗೋದಲ್ಲಿ 2018ರ ರಂಜಾನ್ ಸಮಯದಲ್ಲಿ ಬಿಲೀವರ್ಸ್ ಬೇಲ್ ಔಟ್ ಅಂತ ಶುರುವಾಯಿತು. ಮುಂದೆ ನಿಂತವರಲ್ಲಿ ಮುಸ್ಲಿಂ ಹೆಣ್ಣುಮಕ್ಕಳಿದ್ದಾರೆ, ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವವರು. ಜಕಾತ್ (ಮುಸ್ಲಿಮರು ಕಡ್ಡಾಯವಾಗಿ ಕೊಡುವ ದಾನ) ಯಾರಿಗೆ ಕೊಡಬೇಕು ಅಂತ ಕುರಾನಿನ 9ನೇ ಅಧ್ಯಾಯದಲ್ಲಿ ಎಂಟು ಬಗೆಯ ಜನರನ್ನು ಹೇಳಿದೆ. ಅದರಲ್ಲಿ ಬಂಧನದಲ್ಲಿರುವವರನ್ನು ಬಿಡಿಸುವುದೂ ಒಂದು. ಈ ಕಾಲದಲ್ಲಿ ಗುಲಾಮರಿಲ್ಲ, ಹಾಗಾಗಿ ಆ ಪಾಲು ಯಾರಿಗೂ ಇಲ್ಲ ಅಂತ ಎಷ್ಟೋ ಜನ ಬಿಟ್ಟಿದ್ದರು. ಇವರು ಹೇಳಿದ್ದು, ಬೇಲಿಗೆ ದುಡ್ಡಿಲ್ಲದೆ ಒಳಗಿರುವವನು ಬಂಧನದಲ್ಲಿಲ್ಲದೆ ಇನ್ನೆಲ್ಲಿದ್ದಾನೆ? ಜಕಾತಿನ ದುಡ್ಡು ಸೇರಿಸಿ, ತಪ್ಪು ಸಾಬೀತಾಗದೆ ಒಳಗಿದ್ದ ಮುಸ್ಲಿಮರ ಬೇಲ್ ಕಟ್ಟಿದರು.

ಅಮೆರಿಕದ ಹೆಚ್ಚಿನ ಕಡೆ ಬೇಲ್ ಅಂದರೆ ನಗದು. ಕೈಯಲ್ಲಿ ದುಡ್ಡಿಲ್ಲದವರು ಬಾಂಡ್ ಏಜೆಂಟ್ ಹತ್ತಿರ ಹೋಗಬೇಕು. ಅವನು ಸಾಮಾನ್ಯವಾಗಿ ನೂರಕ್ಕೆ ಹತ್ತು ತೆಗೆದುಕೊಳ್ಳುತ್ತಾನೆ, ಅದು ವಾಪಸ್ ಬರುವುದಿಲ್ಲ. ಶಿಕಾಗೋ ಇರುವ ಇಲಿನಾಯ್ ರಾಜ್ಯದಲ್ಲಿ ಏಜೆಂಟರಿಗೆ ಅವಕಾಶ ಇರಲಿಲ್ಲ, ಆದರೂ ದುಡ್ಡು ಕಟ್ಟಲೇಬೇಕಿತ್ತು. ಎಷ್ಟೋ ಸಂಘಗಳು ಹೋರಾಡಿದ ಮೇಲೆ 2023ರ ಸೆಪ್ಟೆಂಬರ್ 18ರಿಂದ ಆ ರಾಜ್ಯ ನಗದು ಬೇಲನ್ನೇ ತೆಗೆದುಹಾಕಿತು, ದೇಶದಲ್ಲೇ ಮೊದಲು. ಕ್ವೀನ್ಸ್ ಅಕ್ಕ ಹೇಳಿದ್ದು ಇದೇ ಅಲ್ವಾ? ಒಬ್ಬೊಬ್ಬರ ಬೇಲ್ ಕಟ್ಟುತ್ತಾ ಹೋದವರಿಗೆ ಬೇಲೇ ತಪ್ಪು ಅಂತ ಕಾಣಿಸಿತು.

ಹುಬ್ಬಳ್ಳಿ ವಕೀಲೆ:

ನಾನು ಕಾದು ಕೂತಿದ್ದೇ ಈ ಮಾತಿಗೆ. ಅಮೆರಿಕದ ಲೆಕ್ಕ ನೋಡಿ ನಿಟ್ಟುಸಿರು ಬಿಡುವ ಮುಂಚೆ ನಮ್ಮದನ್ನು ನೋಡಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಜನ. ಅದರಲ್ಲಿ 4,34,302 ಜನ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಮೇಲೆ ಇನ್ನೂ ತೀರ್ಪೇ ಆಗಿಲ್ಲ. ನೂರು ಜನ ಇರಬೇಕಾದ ಕಡೆ 131 ಜನ. ತಾಯಂದಿರ ಜೊತೆ ಒಳಗಿದ್ದ ಮಕ್ಕಳು 1,764. ಆರು ವರ್ಷದವರೆಗೆ ಮಗು ತಾಯಿಯ ಜೊತೆ ಇರಬಹುದು ಅಂತ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಆರು ತುಂಬಿದ ದಿನ ಆ ಮಗುವನ್ನು ಯಾರ ಕೈಗೆ ಕೊಡುವುದು? ಸಿಸ್ಟರ್ ಟೆಸಾ ಮಾಡಿದ ಕೆಲಸ ನಮಗೂ ಬೇಕು.

ನಮ್ಮಲ್ಲಿ ತೊಂದರೆ ನಗದಿಗಿಂತ ಶ್ಯೂರಿಟಿದು. ಜಾಮೀನು ಆದೇಶ ಆಗಿರುತ್ತದೆ. ಪಹಣಿ ಇರುವ ಒಬ್ಬ ಜಾಮೀನುದಾರ ಬರಬೇಕು. ಊರಿಂದ ಕೂಲಿಗೆ ಬಂದವನಿಗೆ ಹುಬ್ಬಳ್ಳಿಯಲ್ಲಿ ಪಹಣಿ ಇರುವ ಸ್ನೇಹಿತ ಎಲ್ಲಿಂದ ಬರಬೇಕು? 1978ರಲ್ಲೇ ಮೋತಿರಾಮ್ ಅನ್ನುವ ಕೇಸಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ಕಟುವಾಗಿ ಹೇಳಿದರು. ಒಬ್ಬ ಗಾರೆ ಕೆಲಸದವನಿಗೆ ಮ್ಯಾಜಿಸ್ಟ್ರೇಟರು 10 ಸಾವಿರದ ಶ್ಯೂರಿಟಿ ಕೇಳಿದ್ದರು. ಅವನ ಸಹೋದರ ಜಾಮೀನು ಕೊಡಲು ಬಂದರೆ, ಆ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಆಗಲ್ಲ ಅಂದರು. ಮುಂದಿನ ವರ್ಷ, 1979ರಲ್ಲಿ, ಹುಸೇನಾರಾ ಖಾತೂನ್ ಕೇಸು. ಬಿಹಾರದ ಜೈಲುಗಳಲ್ಲಿ ಶಿಕ್ಷೆಯ ಅವಧಿಗಿಂತ ಜಾಸ್ತಿ ದಿನ ವಿಚಾರಣೆಗೇ ಕಾದು ಕೂತವರು ಸಿಕ್ಕರು. ಅದನ್ನು ಕೋರ್ಟಿಗೆ ತಂದವರು ಪುಷ್ಪಾ ಕಪಿಲಾ ಹಿಂಗೋರಾಣಿ, ಒಬ್ಬ ಮಹಿಳಾ ವಕೀಲರು.

ನನ್ನ ಅನುಭವದಲ್ಲಿ ಜೈಲಿಗೆ ಧರ್ಮದ ಕಡೆಯಿಂದ ಬರುವ ಹೆಂಗಸರು ಬಹಳ ಜನ. ಬ್ರಹ್ಮಕುಮಾರಿಯರು ರಾಖಿ ಕಟ್ಟಲು ಬರುತ್ತಾರೆ, ಸಿಸ್ಟರ್‌ಗಳು ಕ್ರಿಸ್‌ಮಸ್‌ಗೆ ಬರುತ್ತಾರೆ, ಭಜನೆಯವರು ಹಬ್ಬಕ್ಕೆ ಬರುತ್ತಾರೆ. ಒಳಗಿರುವವರಿಗೆ ಅದು ನಿಜವಾಗಿ ಬೇಕು, ನಾನು ಕಣ್ಣಾರೆ ನೋಡಿದ್ದೇನೆ. ಆದರೆ ಹಬ್ಬದ ಮರುದಿನವೂ ಬರುವವರು ಕಡಿಮೆ. ನನಗೆ ಬೇಕಾದದ್ದು ಆ ಮರುದಿನದವರು.

ಶಿವಮೊಗ್ಗ ಮೇಷ್ಟ್ರು:

ಎಲ್ಲವನ್ನೂ ಓದಿದೆ. ನನ್ನ ವಿದ್ಯಾರ್ಥಿಯ ತಾಯಿಯ ಮನೆಗೆ ಈ ಭಾನುವಾರ ನಾನೂ ನನ್ನ ಹೆಂಡತಿಯೂ ಹೋಗುತ್ತೇವೆ. ಅದು ಮೊದಲು.

ಇನ್ನೊಂದು. ನನ್ನ ಹೆಂಡತಿ ನಮ್ಮ ಬಡಾವಣೆಯ ಭಜನಾ ಮಂಡಳಿಯಲ್ಲಿದ್ದಾಳೆ. ಈ ಚರ್ಚೆಯನ್ನು ಅವಳಿಗೆ ಓದಿ ಹೇಳಿದೆ. ಆ ಕನ್ನಡಕದ ವಿಷಯ ಕೇಳಿ ಅವಳು ತುಂಬಾ ಹೊತ್ತು ಅದನ್ನೇ ಮಾತಾಡಿದಳು. ಮಂಡಳಿಯಲ್ಲಿ ಇಪ್ಪತ್ತು ಜನ ಹೆಂಗಸರಿದ್ದೇವೆ, ವಾರಕ್ಕೊಂದು ಮಧ್ಯಾಹ್ನ ಖಾಲಿ ಇದೆ, ಏನು ಮಾಡಬಹುದು ಅಂತ ಕೇಳುತ್ತಿದ್ದಾಳೆ. ವಕೀಲ ಮೇಡಂ, ಸ್ವಲ್ಪ ದಾರಿ ತೋರಿಸುತ್ತೀರಾ? ಶ್ಯೂರಿಟಿ ನಾವೇ ಕೊಡಬಹುದಾ?

ಹುಬ್ಬಳ್ಳಿ ವಕೀಲೆ:

ಮೇಷ್ಟ್ರೇ, ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ಹೇಳಿ. ಜೈಲಿಗೆ ಸೀದಾ ಹೋದರೆ ಗೇಟಿನಲ್ಲೇ ನಿಲ್ಲಿಸುತ್ತಾರೆ. ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಅದು ಕೋರ್ಟ್ ಆವರಣದಲ್ಲೇ ಇರುತ್ತದೆ. ಕಾರ್ಯದರ್ಶಿಗಳು ಒಬ್ಬ ನ್ಯಾಯಾಧೀಶರೇ ಆಗಿರುತ್ತಾರೆ. ಅವರ ಹತ್ತಿರ ಒಂದೇ ಪ್ರಶ್ನೆ ಕೇಳಿ: ಜಾಮೀನು ಸಿಕ್ಕಿಯೂ ಹೊರಗೆ ಬರದ ಹೆಂಗಸರು ಯಾರಿದ್ದಾರೆ? ಜಾಮೀನು ಆದೇಶವಾಗಿ ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲಿನ ಸೂಪರಿಂಟೆಂಡೆಂಟರು ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಹಾಗಾಗಿ ಆ ಪಟ್ಟಿ ಅವರ ಹತ್ತಿರ ಇರಬೇಕು. ತಿಂಗಳಾದರೂ ಶ್ಯೂರಿಟಿ ಸಿಗದಿದ್ದರೆ ಕೋರ್ಟು ಷರತ್ತು ಸಡಿಲ ಮಾಡುವುದನ್ನು ಪರಿಶೀಲಿಸಬಹುದು. ಬಡ ವಿಚಾರಣಾಧೀನರ ಜಾಮೀನಿಗೆ ದುಡ್ಡು ಕೊಡುವ ಕೇಂದ್ರದ ಯೋಜನೆಯೂ 2023ರಿಂದ ಇದೆ. ಇದನ್ನೆಲ್ಲ ನೆನಪಿಸುತ್ತಾ ಇರುವವರು ಬೇಕು, ಅಷ್ಟೇ.

ಇನ್ನೊಂದು ವಿಷಯ. ಹೊಸ ಕಾನೂನಿನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 479ನೇ ಕಲಮಿನ ಪ್ರಕಾರ, ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆ ಆಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಕೋರ್ಟು ಬಾಂಡ್ ಮೇಲೆ ಬಿಡಬೇಕು. ಗಲ್ಲು, ಜೀವಾವಧಿ ಇರುವ ಅಪರಾಧಗಳಿಗೆ ಇದು ಅನ್ವಯಿಸುವುದಿಲ್ಲ. ಒಂದಕ್ಕಿಂತ ಹೆಚ್ಚು ಕೇಸು ಇರುವವರಿಗೂ ಇಲ್ಲ. ನಿಮ್ಮ ಮಂಡಳಿಯಲ್ಲಿ ಲೆಕ್ಕ ಗೊತ್ತಿರುವ ಒಬ್ಬರು ತಾರೀಖು ಬರೆದಿಟ್ಟುಕೊಂಡು ಕೂಡಿ ಕಳೆದರೆ ಸಾಕು, ಅರ್ಧ ಕೆಲಸ ಆದಂತೆ.

ಶ್ಯೂರಿಟಿ ನೀವೇ ಕೊಡಬಹುದು. ಆದರೆ ಗೊತ್ತಿದ್ದು ಕೊಡಿ. ಆ ವ್ಯಕ್ತಿ ಕೋರ್ಟಿಗೆ ಬರದಿದ್ದರೆ ಬಾಂಡಿನ ದುಡ್ಡು ನೀವು ಕಟ್ಟಬೇಕಾಗುತ್ತದೆ. ಮೊದಲೇ ಶ್ಯೂರಿಟಿಗೆ ಇಳಿಯಬೇಡಿ. ಮೊದಲ ಕೆಲವು ತಿಂಗಳು ಮನೆ ಹುಡುಕಿಕೊಡುವುದು, ಮಕ್ಕಳು ಎಲ್ಲಿದ್ದಾರೆ ನೋಡಿ ತಾಯಿಗೆ ಸುದ್ದಿ ಮುಟ್ಟಿಸುವುದು, ಮುಂದಿನ ತಾರೀಖು ನೆನಪಿಸುವುದು ಮಾಡಿ. ಎರಡು ಕೇಸು ಹತ್ತಿರದಿಂದ ನೋಡಿದ ಮೇಲೆ ಪಹಣಿ ತೆಗೆಸಿ. ನಡುವೆ ಏನಾದರೂ ಅನುಮಾನ ಬಂದರೆ 15100ಕ್ಕೆ ಫೋನ್ ಮಾಡಿ, ಉಚಿತ ಕಾನೂನು ನೆರವಿನ ಸಹಾಯವಾಣಿ ಅದು. ಶಿವಮೊಗ್ಗದಲ್ಲಿ ನನಗೆ ಪರಿಚಯದ ವಕೀಲರಿದ್ದಾರೆ, ಅವರ ನಂಬರನ್ನು ನಿಮಗೆ ಖಾಸಗಿಯಾಗಿ ಕಳಿಸುತ್ತೇನೆ. ಕನ್ನಡಕಗಳನ್ನು ಮಾತ್ರ ಈಗಲೇ ಸೇರಿಸಲು ಶುರು ಮಾಡಿ, 1.5ರಿಂದ 2.5 ಪವರಿನವು ಜಾಸ್ತಿ ಬೇಕಾಗುತ್ತವೆ.